ಎಲೆಕ್ಟ್ರಿಕ್ ಬೈಕಿನಲ್ಲಿ ಚಾರ್ಮಾಡಿ ಇಳಿದು ಶಿರಾಡಿ ಹತ್ತುವವರಿಗೆ

ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಎಲೆಕ್ಟ್ರಿಕ್ ಬೈಕಿನಲ್ಲಿ ಹೋಗಿಬರಬೇಕು ಅಂದುಕೊಂಡವರು ಮೊದಲು ಚಾರ್ಜಿಂಗ್ ಸ್ಟೇಷನ್ನುಗಳ ಮ್ಯಾಪ್ ತೆಗೆದು ಕೂರುತ್ತಾರೆ. ಅದನ್ನು ಆಮೇಲೆ ನೋಡಿ. ರಾತ್ರಿ ಎಲ್ಲಿ ಮಲಗುತ್ತೀರಿ, ಅಲ್ಲಿ 15 ಆಂಪಿನ ಪ್ಲಗ್ ಇದೆಯಾ, ಬೈಕ್ ಅದರ ಹತ್ತಿರ ನಿಲ್ಲುತ್ತಾ ಅನ್ನುವುದನ್ನು ಮೊದಲು ಫೋನ್ ಮಾಡಿ ಕೇಳಿ. ಇಷ್ಟು ಗಟ್ಟಿಯಾದರೆ ಪ್ರವಾಸದ ಮುಕ್ಕಾಲು ಪಾಲು ತಯಾರಿ ಮುಗಿದ ಹಾಗೆ.

ನನ್ನದು ಅಲ್ಟ್ರಾವಯಲೆಟ್ ಎಫ್77 ಮ್ಯಾಕ್ 2 ರೆಕಾನ್. ನಮ್ಮ ಜಿಗಣಿಯಲ್ಲೇ ತಯಾರಾಗುವ ಗಾಡಿ. ಬ್ಯಾಟರಿ 10.3 ಕಿಲೋವ್ಯಾಟ್ ಅವರ್, ಅಂದರೆ ಮನೆ ಮೀಟರಿನ ಲೆಕ್ಕದಲ್ಲಿ 10.3 ಯೂನಿಟ್. ಕಾಗದದ ಮೇಲಿನ ರೇಂಜ್ 323 ಕಿ.ಮೀ. ಅದು ಪರೀಕ್ಷೆಯ ಲೆಕ್ಕ. ಯಾವ ಕಂಪನಿಯ ಗಾಡಿಯೇ ಆಗಲಿ, ಆ ಸಂಖ್ಯೆ ನಂಬಿಕೊಂಡು ಹೈವೇಗೆ ಇಳಿಯಬೇಡಿ. ನನಗೆ 70-75ರ ವೇಗದಲ್ಲಿ ಒಂದು ಯೂನಿಟ್ಟಿಗೆ 20 ಕಿ.ಮೀ. ಆಸುಪಾಸು ಸಿಗುತ್ತದೆ. 100ರಲ್ಲಿ ಹೊಡೆದರೆ 13-14ಕ್ಕೆ ಇಳಿಯುತ್ತದೆ. ಕಾರಣ ಗಾಳಿ. 70ರಿಂದ 100ಕ್ಕೆ ಹೋದರೆ ಗಾಳಿಯ ತಡೆ ಎರಡು ಪಟ್ಟಾಗುತ್ತದೆ. ಪೆಟ್ರೋಲ್ ಬೈಕಿನಲ್ಲೂ ಇದು ಹೀಗೇ, ಆದರೆ ಹೆಜ್ಜೆ ಹೆಜ್ಜೆಗೂ ಬಂಕ್ ಇರುವುದರಿಂದ ನಾವು ಗಮನಿಸುವುದಿಲ್ಲ ಅಷ್ಟೇ. ಹೇಗೂ ನಾಲ್ಕು ಪಥದ ಹೈವೇಯಲ್ಲಿ ಬೈಕಿಗೆ ಮಿತಿ ಇರುವುದು 80. ಹಾಗಾಗಿ ಬೇಸರ ಪಡುವಂಥದ್ದೇನೂ ಇಲ್ಲ.

ನೆಲಮಂಗಲದಿಂದ ಹಾಸನದವರೆಗೆ ರಸ್ತೆ ಚೆನ್ನಾಗಿದೆ. ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್ ಎಲ್ಲ ಸಲೀಸಾಗಿ ದಾಟುತ್ತವೆ. ನಿಜ ಹೇಳಬೇಕೆಂದರೆ ಎಲೆಕ್ಟ್ರಿಕ್ ಬೈಕಿಗೆ ಅತಿ ಬೋರು ಹೊಡೆಸುವ ಭಾಗವೂ ಇದೇ. ನೇರ ರಸ್ತೆ, ಎದುರುಗಾಳಿ, ಒಂದೊಂದೇ ಪರ್ಸೆಂಟ್ ಇಳಿಯುತ್ತಿರುವ ಬ್ಯಾಟರಿ. ಬ್ಯಾಟರಿ ಉಳಿಸುವ ಗ್ಲೈಡ್ ಮೋಡ್‌ಗೆ ಹಾಕಿ ಸುಮ್ನೆ ಹೋಗುತ್ತಿರಿ. ಬೆಳಗ್ಗೆ ಐದಕ್ಕೇ ಹೊರಟರೆ ಬಿಸಿಲೂ ಕಡಿಮೆ, ಗಾಳಿಯೂ ಕಡಿಮೆ.

ಹಾಸನ 180 ಕಿ.ಮೀ. ಚಿಲ್ಲರೆ. ಒಂದೇ ಚಾರ್ಜಿನಲ್ಲಿ ಮುಟ್ಟಬಹುದು, ಆದರೆ ಉಸಿರು ಬಿಗಿಹಿಡಿದುಕೊಂಡು ಮುಟ್ಟಬೇಕು. ನಾನಂತೂ ಚನ್ನರಾಯಪಟ್ಟಣದಲ್ಲೇ ನಿಲ್ಲಿಸಿ ಅಂತ ಹೇಳುತ್ತೇನೆ. ಯಾವುದಾದರೂ ಲಾಡ್ಜಿನವರನ್ನು ಕೇಳಿ, ಅರ್ಧ ದಿನಕ್ಕೆ ಒಂದಿಷ್ಟು ದುಡ್ಡು ಮಾತಾಡಿ, ಬೈಕನ್ನು ಚಾರ್ಜಿಗೆ ಹಾಕಿ, ಬಸ್ಸು ಹತ್ತಿ ಶ್ರವಣಬೆಳಗೊಳಕ್ಕೆ ಹೋಗಿ. ಬರೀ ಹದಿಮೂರು ಕಿ.ಮೀ. ಬರಿಗಾಲಲ್ಲಿ ಆರುನೂರಕ್ಕೂ ಜಾಸ್ತಿ ಮೆಟ್ಟಿಲು ಹತ್ತಿ, ಗೊಮ್ಮಟನನ್ನು ನೋಡಿಕೊಂಡು, ಊಟ ಮುಗಿಸಿ ವಾಪಸ್ ಬರುವಷ್ಟರಲ್ಲಿ ಬ್ಯಾಟರಿ ಸಾಕಷ್ಟು ತುಂಬಿರುತ್ತದೆ. ಚಾರ್ಜರ್ ಪಕ್ಕ ಕೂತು ಮೊಬೈಲ್ ಉಜ್ಜುವುದಕ್ಕಿಂತ ಇದು ಎಷ್ಟೋ ವಾಸಿ.

ಈಗ ಆ ಮ್ಯಾಪಿನ ವಿಷಯ. ಆ್ಯಪಿನಲ್ಲಿ ಹಸಿರು ಚುಕ್ಕೆ ಕಂಡ ತಕ್ಷಣ ಅದು ನಿಮ್ಮ ಗಾಡಿಗೆ ಆಗುತ್ತದೆ ಅಂತಲ್ಲ. ಕಾರಿನ ಗನ್ (ಗಾಡಿಗೆ ಸಿಕ್ಕಿಸುವ ಚಾರ್ಜರಿನ ತುದಿ) ಬೇರೆ, ಸ್ಕೂಟರಿನ ಗನ್ ಬೇರೆ. ಹಳೆಯ ಸರ್ಕಾರಿ ಮಾದರಿಯ ಎಸಿ ಚಾರ್ಜರುಗಳಲ್ಲಿ ದುಂಡಗಿನ ನೀಲಿ ಇಂಡಸ್ಟ್ರಿಯಲ್ ಸಾಕೆಟ್ ಇರುತ್ತದೆ. 3.3 ಕಿಲೋವ್ಯಾಟ್ ಕೊಡುತ್ತದೆ. ಅದಕ್ಕೆ ನಮ್ಮ ಮೂರು ಪಿನ್ನಿನ ಪ್ಲಗ್ ಹೊಂದಿಸುವ ಅಡಾಪ್ಟರ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮಾಡಿಸಿಕೊಳ್ಳಬಹುದು. ಜೊತೆಗಿರಲಿ. ದಾರಿಯಲ್ಲಿ ಒಂದು ಕಡೆ ಮ್ಯಾಪಿನಲ್ಲಿದ್ದ ಚಾರ್ಜರ್ ಹುಡುಕಿಕೊಂಡು ಹೋದರೆ ಅದಕ್ಕೆ ಗೋಣಿಚೀಲ ಹೊದಿಸಿ ಹಗ್ಗ ಕಟ್ಟಿದ್ದರು. ಪಬ್ಲಿಕ್ ಚಾರ್ಜರ್ ಸಿಕ್ಕರೆ ಸಂತೋಷ, ಸಿಗದಿದ್ದರೂ ನಡೆಯುವ ಹಾಗೆ ದಾರಿ ಹಾಕಿಕೊಂಡಿರಬೇಕು.

ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ಆಸುಪಾಸಿನಲ್ಲಿ ಉಳಿಯುವುದು ಒಳ್ಳೆಯದು. ಸಂಜೆ ಮುಟ್ಟುತ್ತೀರಿ, ಬೆಳಗ್ಗೆ ನೀರುದೋಸೆ ತಿಂದು ಘಾಟಿ ಇಳಿಯಬಹುದು. ಇಲ್ಲಿನ ಹೋಂಸ್ಟೇಗಳಲ್ಲಿ ಜನ ಒಳ್ಳೆಯವರು, ಕರೆಂಟಿನದ್ದೇ ಕಥೆ. ನಾನು ಉಳಿದ ಮನೆಯಲ್ಲಿ ಬೈಕ್ ನಿಲ್ಲಿಸಿದ ಕೂಡಲೇ ಕೇಳಿದೆ:

“ಅಕ್ಕಾ, ಗಾಡಿ ಚಾರ್ಜಿಗೆ ಹಾಕ್ಬೇಕಿತ್ತು. 15 ಆಂಪಿನ ಪ್ಲಗ್ ಎಲ್ಲಿದೆ?”

“ಮೋಟರ್ ಶೆಡ್ಡಲ್ಲಿದೆ ನೋಡಿ. ಆದ್ರೆ ಈಗ್ಲೇ ಹಾಕ್ಬೇಡಿ, ಸಂಜೆ ವೋಲ್ಟೇಜ್ ಇರಲ್ಲ. ಒಂಬತ್ತರ ಮೇಲೆ ಹಾಕಿ.”

ಇಂಥ ಮಾಹಿತಿ ಯಾವ ಆ್ಯಪಿನಲ್ಲೂ ಸಿಗುವುದಿಲ್ಲ. ಆಮೇಲೆ ಅವರೇ, “ಎಷ್ಟು ಕರೆಂಟ್ ತಿನ್ನುತ್ತೆ ಇದು?” ಅಂತ ಕೇಳಿದರು. ಪೂರ್ತಿ ಖಾಲಿಯಿಂದ ತುಂಬಿಸಿದರೂ ನಷ್ಟವೆಲ್ಲ ಸೇರಿ 12 ಯೂನಿಟ್ ಅಂದೆ. ಮನೆ ಕರೆಂಟಿಗೆ ಯೂನಿಟ್ಟಿಗೆ ಆರೇಳು ರೂಪಾಯಿ ಅಂತ ಹಿಡಿದರೂ ನೂರು ರೂಪಾಯಿ ಒಳಗೇ. ಅವರು ಕೇಳುವ ಮೊದಲೇ ಲೆಕ್ಕ ಹೇಳಿ ಕೊಟ್ಟುಬಿಡಿ. ಪುಕ್ಕಟೆ ಚಾರ್ಜ್ ಮಾಡಿಕೊಂಡು ಹೋದರೆ ನಿಮ್ಮ ಹಿಂದೆ ಬರುವವರಿಗೆ ಪ್ಲಗ್ ಸಿಗುವುದಿಲ್ಲ.

ಪ್ಲಗ್ಗಿನ ವಿಷಯದಲ್ಲಿ ಸ್ವಲ್ಪ ಹೆಚ್ಚೇ ಹುಷಾರಾಗಿರಿ. ಮೊಬೈಲ್ ಹಾಕುವ ಚಿಕ್ಕ ಪ್ಲಗ್ ಪಾಯಿಂಟಿಗೆ ಬೈಕ್ ಚಾರ್ಜರ್ ಹಾಕಲೇಬಾರದು. ಮಾರ್ಕೆಟ್ಟಿನ ತೆಳು ಎಕ್ಸ್‌ಟೆನ್ಷನ್ ಬಾಕ್ಸ್ ಕೂಡ ಬೇಡ. 2.5 ಚದರ ಮಿ.ಮೀ. ತಂತಿಯ ಮೂರು ಕೋರ್ ಕೇಬಲ್ ಹತ್ತು ಮೀಟರ್ ತೆಗೆದುಕೊಂಡು, ಎರಡೂ ತುದಿಗೆ 15 ಆಂಪಿನ ಪ್ಲಗ್ ಮತ್ತು ಸಾಕೆಟ್ ಹಾಕಿಸಿ. ಬಳಸುವಾಗ ಪೂರ್ತಿ ಬಿಚ್ಚಿ ಹಾಸಿ, ಸುರುಳಿ ಇದ್ದರೆ ಬಿಸಿಯಾಗುತ್ತದೆ. ಚಾರ್ಜಿಗೆ ಹಾಕಿ ಕಾಲು ಗಂಟೆ ಬಿಟ್ಟು ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಿದ್ದರೆ ತೆಗೆದುಬಿಡಿ. ಅರ್ತಿಂಗ್ ಸರಿಯಿಲ್ಲದ ಕಡೆ ಕೆಲವು ಚಾರ್ಜರುಗಳು ಶುರುವೇ ಆಗುವುದಿಲ್ಲ. ಆಗ ಚಾರ್ಜರನ್ನು ಬೈದು ಪ್ರಯೋಜನವಿಲ್ಲ, ಅದು ನಿಮ್ಮನ್ನು ಕಾಯುತ್ತಿದೆ. ಪಕ್ಕದ ಪಾಯಿಂಟ್ ನೋಡಿ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವುದುಂಟು. ಮನೆಯ ಯುಪಿಎಸ್‌ನಲ್ಲಿ ಬೈಕ್ ಚಾರ್ಜ್ ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟು ಅಕ್ಟೋಬರ್ ಮೇಲೆ ಹೋಗಿ.

ಇನ್ನು ಚಾರ್ಮಾಡಿ. ಇಷ್ಟೆಲ್ಲ ಕಷ್ಟಪಟ್ಟದ್ದು ಇದಕ್ಕೇ.

ಘಾಟಿ ಇಳಿಯುವ ದಿನ ಬ್ಯಾಟರಿ ನೂರು ತುಂಬಿಸಬೇಡಿ. ಪೂರ್ತಿ ತುಂಬಿದ ಬ್ಯಾಟರಿಗೆ ಇಳಿಜಾರಿನಲ್ಲಿ ಹುಟ್ಟುವ ಕರೆಂಟ್ ಹಾಕಿಕೊಳ್ಳಲು ಜಾಗ ಇರುವುದಿಲ್ಲ. ಆಗ ರೀಜನ್ (ಮೋಟರೇ ಗಾಡಿಯನ್ನು ತಡೆದು ಆ ಕರೆಂಟ್ ಹುಟ್ಟಿಸುವುದು) ಕೆಲಸ ಮಾಡುವುದಿಲ್ಲ, ಅಂದರೆ ಪೆಟ್ರೋಲ್ ಬೈಕನ್ನು ನ್ಯೂಟ್ರಲ್‌ನಲ್ಲಿ ಬಿಟ್ಟ ಹಾಗೆ ಗಾಡಿ ಓಡುತ್ತದೆ. ಎಲ್ಲ ಭಾರವೂ ಬ್ರೇಕಿನ ಮೇಲೆ. ಗಾಡಿಯ ತೂಕವೇ 200 ಕೆ.ಜಿ. ಮೇಲಿದೆ, ನೆನಪಿರಲಿ. 85ಕ್ಕೆ ಚಾರ್ಜ್ ನಿಲ್ಲಿಸಿದರೆ ಸಾಕು. ಆಗ ಆ್ಯಕ್ಸಿಲರೇಟರ್ ಸ್ವಲ್ಪ ಬಿಟ್ಟರೆ ಗಾಡಿ ತಾನೇ ನಿಧಾನವಾಗುತ್ತದೆ, ತಿರುವಿನ ಮಧ್ಯೆ ಸ್ವಲ್ಪ ಕೊಟ್ಟರೆ ಮತ್ತೆ ಎಳೆಯುತ್ತದೆ. ಕ್ಲಚ್ ಇಲ್ಲ, ಗೇರ್ ಇಲ್ಲ. ಬಲಗೈ ಒಂದೇ ಎಲ್ಲ ಮಾಡುತ್ತದೆ. ಈ ಗಾಡಿಯಲ್ಲಿ ರೀಜನ್‌ಗೆ ಹತ್ತು ಹಂತಗಳಿವೆ. ಮಧ್ಯದಲ್ಲಿಡಿ. ಒದ್ದೆ ಎಲೆ ಬಿದ್ದ ತಿರುವಿನಲ್ಲಿ ರೀಜನ್ ಜೋರಾಗಿದ್ದರೆ ಹಿಂದಿನ ಚಕ್ರ ಜಾರುತ್ತದೆ.

ಎಂಜಿನ್ ಸದ್ದಿಲ್ಲದ ಕಾರಣ ಘಾಟಿಯ ಸದ್ದೆಲ್ಲ ಕಿವಿಗೆ ಬೀಳುತ್ತದೆ. ಜೀರುಂಡೆ, ಬಂಡೆ ಮೇಲಿಂದ ಸುರಿಯುವ ನೀರು, ಕೆಳಗೆ ಎರಡು ತಿರುವಿನಾಚೆ ಗೇರ್ ಬದಲಿಸುತ್ತಿರುವ ಬಸ್ಸು. ಬಸ್ಸು ಕಾಣುವ ಮೊದಲೇ ಗೊತ್ತಾಗುವುದು ದೊಡ್ಡ ಅನುಕೂಲ. ಆದರೆ ನಿಮ್ಮ ಸದ್ದು ಆ ಡ್ರೈವರಿಗೆ ಕೇಳಿಸುವುದಿಲ್ಲ. ಪ್ರತಿ ಹೇರ್‌ಪಿನ್ನಿನಲ್ಲೂ ಹಾರ್ನ್ ಮಾಡಿ. ಮಂಜಿದ್ದರೆ ಹೆಡ್‌ಲೈಟ್ ಡಿಮ್‌ನಲ್ಲಿರಲಿ. ಮಂಗಗಳಿಗಂತೂ ಗಾಡಿ ಬಂದದ್ದೇ ಗೊತ್ತಾಗುವುದಿಲ್ಲ, ಕಾಲ ಬುಡದವರೆಗೆ ಬಂದಾಗಲೇ ನೆಗೆಯುತ್ತವೆ. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಎಲ್ಲರೂ ನಿಲ್ಲಿಸುತ್ತಾರೆ, ನೀವೂ ನಿಲ್ಲಿಸಿ ಬ್ರೇಕ್ ತಣ್ಣಗಾಗಲು ಬಿಡಿ. ಕೆಳಗಿಳಿದು ಉಜಿರೆ ಮುಟ್ಟುವಾಗ ಬ್ಯಾಟರಿ ಹೆಚ್ಚುಕಡಿಮೆ ಮೇಲಿದ್ದಷ್ಟೇ ಇರುತ್ತದೆ.

ವಾಪಸ್ ಬರುವಾಗ ಧರ್ಮಸ್ಥಳದಿಂದ ಕೊಕ್ಕಡ ಮೇಲೆ ಹೈವೇ ಸೇರಿ, ಗುಂಡ್ಯದಿಂದ ಶಿರಾಡಿ ಹತ್ತಬಹುದು. ಏರುವಾಗ ಬ್ಯಾಟರಿ ಇಳಿಯುವ ವೇಗ ನೋಡಿ ಕೆಲವರು ಹೆದರುತ್ತಾರೆ. ಲೆಕ್ಕ ಸರಳ. ಗಾಡಿ, ಸವಾರ, ಲಗೇಜು ಸೇರಿ 300 ಕೆ.ಜಿ. ಅಂದುಕೊಳ್ಳಿ. 100 ಮೀಟರ್ ಎತ್ತರ ಏರಲು ಹೆಚ್ಚುವರಿ 0.1 ಯೂನಿಟ್ ಹತ್ತಿರ ಬೇಕು. ಇಡೀ ಘಾಟಿ ಹತ್ತಿದರೂ ಒಂದು ಯೂನಿಟ್ ಒಳಗೇ, ಅಂದರೆ ನೇರ ರಸ್ತೆಯ 15-20 ಕಿ.ಮೀ.ಗೆ ಸಮ. ಶಿರಾಡಿಯಲ್ಲಿ ತಲೆಬಿಸಿ ಲಾರಿ ಸಾಲಿನದ್ದು. ಆದರೆ ನಿಂತಲ್ಲಿಂದ ಪೂರ್ತಿ ಟಾರ್ಕ್ (ಎಳೆಯುವ ಬಲ) ಸಿಗುವುದರಿಂದ ಜಾಗ ಸಿಕ್ಕ ಕೂಡಲೇ ಚಿಟಿಕೆಯಲ್ಲಿ ಮುಂದೆ ಹೋಗಬಹುದು, ಲಾರಿ ಹಿಂದೆ ತೆವಳುವಾಗ ಕಾಲಿಗೆ ಎಂಜಿನ್ನಿನ ಬಿಸಿಯೂ ಇಲ್ಲ. ಸಕಲೇಶಪುರದಲ್ಲಿ ರಾತ್ರಿ ಉಳಿದು ನೂರು ತುಂಬಿಸಿಕೊಂಡರೆ ಮಾರನೆಯ ದಿನ ಒಂದು ನಿಲುಗಡೆಯಲ್ಲಿ ಬೆಂಗಳೂರು. ಎರಡೂ ಘಾಟಿಗಳಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು, ಹೊರಡುವ ಮುನ್ನ ವಿಚಾರಿಸಿ.

ಗಾಡಿ ನೋಡಿಕೊಳ್ಳುವ ವಿಷಯಕ್ಕೆ ಬಂದರೆ, ಎಂಜಿನ್ ಆಯಿಲ್ ಇಲ್ಲ, ಎಮಿಷನ್ ಸರ್ಟಿಫಿಕೇಟ್ ಬೇಕಿಲ್ಲ. ಈ ಗಾಡಿಗೆ ಚೈನ್ ಮಾತ್ರ ಇದೆ. ಒಣಗಿದರೆ ಬೇರೆ ಸದ್ದೇ ಇಲ್ಲದ ಕಾರಣ ಅದರ ಕಿರಿಕಿರಿ ಇಡೀ ದಾರಿ ಕೇಳಿಸುತ್ತದೆ. ಲೂಬ್ ಡಬ್ಬಿ, ಪಂಕ್ಚರ್ ಕಿಟ್ ಬ್ಯಾಗಿನಲ್ಲಿರಲಿ. ಎಲೆಕ್ಟ್ರಿಕಲ್ ತೊಂದರೆ ಬಂದರೆ ಮೂಡಿಗೆರೆಯ ಮೆಕ್ಯಾನಿಕ್ ಎಷ್ಟೇ ಜಾಣನಾದರೂ ಏನೂ ಮಾಡಲಾರ. ಗಾಡಿ ಎತ್ತಿಕೊಂಡು ಹೋಗುವ ಸೇವೆಯ ನಂಬರನ್ನು ಕಾಗದದಲ್ಲೂ ಬರೆದಿಟ್ಟುಕೊಳ್ಳಿ, ಘಾಟಿಯಲ್ಲಿ ನೆಟ್‌ವರ್ಕ್ ಹೋಗುತ್ತಿರುತ್ತದೆ. ಬಾಡಿಗೆ ಮನೆಯಲ್ಲಿದ್ದು ಪಾರ್ಕಿಂಗ್‌ನಲ್ಲಿ ಪ್ಲಗ್ ಇಲ್ಲ ಅಂದರೆ ಮೊದಲು ಓನರ್ ಹತ್ತಿರ ಮಾತಾಡಿ ಸಬ್‌ಮೀಟರ್ ಹಾಕಿಸಿ, ಆಮೇಲೆ ಬೈಕ್ ಬುಕ್ ಮಾಡಿ. ಬ್ಯಾಟರಿ ಬಿಚ್ಚಿ ರೂಮಿಗೆ ಒಯ್ಯುವಂಥ ಗಾಡಿ ಇದಲ್ಲ.

ಬಿಚ್ಚುವ ಬ್ಯಾಟರಿ ಬೇಕಾದವರಿಗೆ ರಿವೋಲ್ಟ್ ಆರ್‌ವಿ400 ಇದೆ, ಆದರೆ ಅದರ 3.24 ಯೂನಿಟ್ಟಿನಲ್ಲಿ ಘಾಟಿ ಪ್ರವಾಸ ಅಂದರೆ ಬರೀ ಕಾಯುವುದೇ ಆಗುತ್ತದೆ. ಅಂಥ ಗಾಡಿಯವರು ಮೊದಲು ಬೆಂಗಳೂರಿನಿಂದ ಮೈಸೂರಿಗೆ ಹೋಗಿಬನ್ನಿ. ಮದ್ದೂರಿನಲ್ಲೋ ಮಂಡ್ಯದಲ್ಲೋ ಊಟದ ಹೊತ್ತಿಗೆ ಚಾರ್ಜಿಗೆ ಹಾಕಿದರೆ ಆರಾಮಾಗಿ ಸೇರಬಹುದು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕುಗಳನ್ನು ಬಿಡುವುದಿಲ್ಲ. ಎಲೆಕ್ಟ್ರಿಕ್ ಅಂತ ವಿನಾಯಿತಿಯೂ ಇಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಹಂಪ್ಸ್, ಊರು, ದನ ಎಲ್ಲ ಸಿಗುತ್ತವೆ, ವೇಗ 50 ದಾಟುವುದೇ ಅಪರೂಪ. ನಿಮ್ಮ ಬ್ಯಾಟರಿಗೆ ಅದೇ ಒಳ್ಳೆಯದು.