ಹೋಳಿಗೆ ಸುಟ್ಟುಕೊಂಡವ ಯಾರು?

ಮನದ ಗೊಂದಲದಲ್ಲಿ ಹೋಳಿಗೆ ಸುಟ್ಟುಕೊಂಡವ (3)

ಪದಬಂಧದ ಇಂಥದ್ದೊಂದು ಗೂಢ ಸುಳಿವನ್ನು (ಆವರಣದ 3 ಅಂದರೆ ಉತ್ತರಕ್ಕೆ ಮೂರು ಅಕ್ಷರ) ಹುಬ್ಬಳ್ಳಿ-ಧಾರವಾಡದ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿ ನೋಡಿ, ಮೊದಲು ಬರುವ ಉತ್ತರಗಳೆಲ್ಲ ಅಡುಗೆಮನೆಯವೇ. ಹೂರಣ ಅಂತಾರೆ, ಕಣಕ ಅಂತಾರೆ. ‘ತುಪ್ಪ ಯಾರು ತರ್ತೀರಿ, ಅದನ್ನ ಮೊದಲ ಹೇಳ್ರಿ’ ಅಂತ ಒಬ್ಬರಾದರೂ ಕೇಳೇ ಕೇಳ್ತಾರೆ.

ಉತ್ತರ: ಮದನ. ‘ಮನದ’ ಎಂಬ ಮೂರು ಅಕ್ಷರಗಳನ್ನು ಗೊಂದಲ ಮಾಡಿದರೆ, ಅಂದರೆ ಕಲಸಿದರೆ, ಮ-ದ-ನ. ಹೋಳಿಗೆ ಇಲ್ಲಿ ತಿನ್ನುವ ಹೋಳಿಗೆ ಅಲ್ಲ. ಹೋಳಿ ಹಬ್ಬಕ್ಕೆ ಸುಟ್ಟುಕೊಂಡವನು ಕಾಮ. ಚತುರ್ಥಿ ವಿಭಕ್ತಿಯ ಒಂದು ‘ಗೆ’ ಇಷ್ಟು ದೊಡ್ಡ ಮೋಸ ಮಾಡುತ್ತದೆ.

ಸಾದಾ ಪದಬಂಧದಲ್ಲಿ ಸುಳಿವು ಬರೀ ಅರ್ಥ ಹೇಳುತ್ತದೆ. ಗೂಢ ಸುಳಿವಿನಲ್ಲಿ ಎರಡು ಪಾಲು: ಒಂದು ನೇರ ಅರ್ಥ, ಇನ್ನೊಂದು ಅಕ್ಷರದಾಟ. ಎರಡೂ ಒಂದೇ ಉತ್ತರಕ್ಕೆ ಬಂದು ನಿಲ್ಲಬೇಕು. ನೇರ ಅರ್ಥ ಸುಳಿವಿನ ತುದಿಯಲ್ಲಿರುತ್ತದೆ, ಮೊದಲಿಗೋ ಕೊನೆಗೋ, ನಡುವೆ ಇರುವುದಿಲ್ಲ. ಕನ್ನಡದಲ್ಲಿ ಕೊನೆಯನ್ನೇ ಮೊದಲು ನೋಡುವುದು ಲಾಭ, ಯಾಕೆಂದರೆ ನಮ್ಮ ವಾಕ್ಯದಲ್ಲಿ ವಿಶೇಷಣ ಮುಂದೆ ಬಂದು ನಾಮಪದ ಹಿಂದೆ ಉಳಿಯುತ್ತದೆ. ಆಮೇಲೆ ಆಟದ ಸೂಚನೆ ಹುಡುಕಿ. ಗೊಂದಲ, ಕದಡು, ಚೆದುರು ಬಂದರೆ ಕಲಸುವುದು. ಅಡಗು, ಒಳಗೆ ಬಂದರೆ ಬಚ್ಚಿಟ್ಟ ಪದ. ತಿರುಗು, ಮಗುಚು ಬಂದರೆ ಹಿಂದುಮುಂದು. ತಲೆ, ಬಾಲ ಕಂಡರೆ ಮೊದಲ ಇಲ್ಲವೇ ಕೊನೆಯ ಅಕ್ಷರಕ್ಕೆ ಕತ್ತರಿ ತಗೊಳ್ಳಿ.

ಈ ಆಟ ಹುಟ್ಟಿದ್ದು ಇಂಗ್ಲಿಷಿನಲ್ಲಿ. ಆರ್ಥರ್ ವಿನ್ ಅವರ ಮೊದಲ ಪದಬಂಧ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಬಂದದ್ದು 1913ರ ಡಿಸೆಂಬರ್ 21ರಂದು. ಗೂಢ ಸುಳಿವನ್ನು ಬೆಳೆಸಿದವರು ಬ್ರಿಟನ್ನಿನವರು. 1926ರಿಂದ ಅಬ್ಸರ್ವರ್ ಪತ್ರಿಕೆಗೆ ಕಟ್ಟುತ್ತಿದ್ದವರು ಇಟ್ಟುಕೊಂಡ ಹೆಸರು ಟಾರ್ಕ್ವೆಮಾಡ, ಚಿತ್ರಹಿಂಸೆಗೆ ಹೆಸರಾದ ಸ್ಪೇನಿನ ಪಾದ್ರಿಯದು. ಹೆಸರು ಸರಿಯಾಗೇ ಇದೆ.

ಅಲ್ಲಿಯ ಸೂತ್ರಗಳನ್ನು ಹಾಗೇ ಎತ್ತಿ ತಂದರೆ ಇಲ್ಲಿ ಕೆಲಸ ಕೆಡುತ್ತದೆ. ಅವರ ಚೌಕದಲ್ಲಿ ಒಂದು ಲಿಪಿಚಿಹ್ನೆ, ನಮ್ಮ ಚೌಕದಲ್ಲಿ ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿದ ಒಂದು ಪೂರ್ತಿ ಅಕ್ಷರ. ಏಳು ಬೇರೆಬೇರೆ ಲಿಪಿಚಿಹ್ನೆಯ ಇಂಗ್ಲಿಷ್ ಪದವನ್ನು 5040 ರೀತಿ ಜೋಡಿಸಬಹುದು. ನಮ್ಮ ಮೂರಕ್ಷರಕ್ಕೆ ಆರೇ ರೀತಿ, ನಾಲ್ಕಕ್ಷರಕ್ಕೆ 24. ಹಾಗಾಗಿ ಕಲಸುವ ಸುಳಿವು ಕನ್ನಡದಲ್ಲಿ ಬೇಗ ಒಡೆಯುತ್ತದೆ. ಅದನ್ನು ಹೋಳಿಗೆಯಂಥ ಇನ್ನೊಂದು ಮೋಸದಲ್ಲಿ ಸುತ್ತಿ ಕೊಡಬೇಕು.

ಹೊಸಬರು ಬೀಳುವ ಗುಂಡಿ ಒಂದಿದೆ: ‘ಕರ್ನಾಟಕದೊಳಗೆ ಅಡಗಿದ ರಂಗಕಲೆ (3)’, ಉತ್ತರ ನಾಟಕ. ಕಣ್ಣಿಗೆ ಕಾಣುತ್ತದೆ, ಚೌಕದಲ್ಲಿ ಕೂಡುವುದಿಲ್ಲ. ಕ-ರ್ನಾ-ಟ-ಕ, ‘ರ್ನಾ’ ಒಂದೇ ಚೌಕ, ಅದನ್ನು ಒಡೆದು ‘ನಾ’ ತೆಗೆಯಲು ಬರುವುದಿಲ್ಲ. ಅರ್ಕಾವೊತ್ತು ಅಕ್ಷರದ ಬಲಕ್ಕೆ ಕೂತು ‘ನಾ’ ಸ್ವತಂತ್ರ ಇದ್ದಂತೆ ತೋರಿಸುವುದರಿಂದ ಈ ತಪ್ಪು ಪದೇಪದೇ ಆಗುತ್ತದೆ. ‘ಹೂ’ ಪಕ್ಕ ‘ಬಳ್ಳಿ’ ಇಟ್ಟು ಹುಬ್ಬಳ್ಳಿ ಮಾಡುವವರದೂ ಇದೇ ಪಾಡು. ಊರ ಹೆಸರಿನ ಕಥೆಗೆ ಅದು ಸಾಕು, ಚೌಕಕ್ಕೆ ಸಾಲದು: ಹೂ-ಬ-ಳ್ಳಿ ಮತ್ತು ಹು-ಬ್ಬ-ಳ್ಳಿ, ಮೂರರಲ್ಲಿ ಎರಡು ಬೇರೆ.

ಬಚ್ಚಿಡಲು ಅಕ್ಷರ ಪೂರ್ತಿಪೂರ್ತಿ ಸಿಗಬೇಕು. ‘ಜಗದ ಗರ್ವದೊಳಗೆ ಅಡಗಿ ಕೂತ ಊರು (3)’: ಜ-ಗ-ದ-ಗ-ರ್ವ, ನಡುವಿನ ಮೂರು ತೆಗೆದರೆ ಗದಗ. ಇದು ಚೊಕ್ಕ.

ಅದೇ ಗದಗಕ್ಕೆ ‘ಎಡದಿಂದ ಓದಿದರೂ ಬಲದಿಂದ ಓದಿದರೂ ನಮ್ಮ ಸೀಮೆಯ ಅದೇ ಊರು (3)’ ಅಂತ ಬರೆದರೆ ಜಗಳ ಗ್ಯಾರಂಟಿ. ಧಾರವಾಡದ ಹತ್ತಿರದ ಗರಗವೂ ಎರಡೂ ಕಡೆಯಿಂದ ಗರಗವೇ. ಒಂದು ಬಿಟ್ಟು ಒಂದು ಚೌಕದಲ್ಲಿ ಅಡ್ಡಪದ ಹಾಯುವ ಬಂಧದಲ್ಲಿ ಸಾಮಾನ್ಯವಾಗಿ ಮೊದಲನೆಯ ಮತ್ತು ಮೂರನೆಯ ಚೌಕಕ್ಕೆ ಆಧಾರ ಸಿಗುತ್ತದೆ. ಎರಡರಲ್ಲೂ ‘ಗ’! ತೀರ್ಪು ಕೊಡಬೇಕಾದ ನಡುವಿನ ಚೌಕ ಅನಾಥ. ಪರಿಹಾರ ಸುಲಭ: ಬರೀ ‘ಊರು’ ಅನ್ನದೆ ಗದಗಕ್ಕೆ ‘ವೀರನಾರಾಯಣನ ಊರು’ ಅನ್ನಿ, ಗರಗಕ್ಕೆ ‘ಧ್ವಜದ ಖಾದಿಯ ಊರು’ ಅನ್ನಿ.

ಸಂಧಿ ಇನ್ನೊಂದು ತಕರಾರು. ಸವಣ, ಊರು ಸೇರಿದರೆ ಸವಣೂರು. ‘ಣ’ ಮತ್ತು ‘ಊ’ ಒಂದೇ ಚೌಕಕ್ಕೆ ಇಳಿದವು. ಸುಳಿವಿನಲ್ಲಿ ‘ಬೆಸೆದ’, ‘ಕರಗಿದ’ ಎಂಬ ಮಾತಿದ್ದರೆ ಒಪ್ಪಬಹುದು, ಬರೀ ‘ಪಕ್ಕದಲ್ಲಿ’ ಅಂದರೆ ಅನ್ಯಾಯ. ಒಂದೇ ಉಚ್ಚಾರದ ಪದಗಳ ಆಟ ಇಂಗ್ಲಿಷಿನವರ ಆಸ್ತಿ. ನಾವು ಹೆಚ್ಚುಕಡಿಮೆ ನುಡಿದಂತೆ ಬರೆಯುವವರು, ದಾರ-ಧಾರದಂಥ ಕೆಲವು ಬಿಟ್ಟರೆ ಸರಕಿಲ್ಲ.

ನಮ್ಮ ಸರಕು ಆಡುಮಾತು:

ನಮ್ಮ ಮಂದಿ ಒಲ್ಲೆ ಅಂದರೂ ಗಿರಣಿಯ ಮೊದಲಿಗೆ ಬಂತು ಕೆಂಪು ಮೆಣಸಿನಕಾಯಿ ಊರು (3)

ಬ್ಯಾಡ + ಗಿ = ಬ್ಯಾಡಗಿ. ಗಿರಣಿಯ ಮೊದಲಿನದು ‘ಗಿ’. ‘ನಮ್ಮ ಮಂದಿ’ ಎಂಬುದನ್ನು ಬಿಡುವಂತಿಲ್ಲ. ಅದಿಲ್ಲದಿದ್ದರೆ ಮೈಸೂರಿನವರು ‘ಬೇಡ’ ಹಿಡಿದು ಕೂತು ಬೇಡಗಿಯಲ್ಲೇ ಉಳಿಯುತ್ತಾರೆ, ಆಮೇಲೆ ‘ಇದ್ಯಾವ ಕನ್ನಡ?’ ಅಂತಾರೆ. ‘ಮೆಣಸಿನಕಾಯಿ ತಿನ್ನೂಮುಂದ ಕೇಳಿಲ್ಲಲ್ರಿ!’ ಅನ್ನುವ ಉತ್ತರ ಸಿದ್ಧ ಇರಲಿ.

ಕೊನೆಯಲ್ಲಿ ಅರ್ಧಾಕ್ಷರ ಬಂದರೆ ಅದಕ್ಕೂ ಒಂದು ಚೌಕ. ಗಿರಮಿಟ್ ಅಂದರೆ ಗಿ-ರ-ಮಿ-ಟ್, ನಾಲ್ಕು. ಗಿರ್ಮಿಟ್ ಅಂತ ಬರೆದರೆ ಮೂರೇ. ಆವರಣದ ಸಂಖ್ಯೆ ಕಾಗುಣಿತವನ್ನೂ ಹೇಳಿಬಿಡುತ್ತದೆ, ಅದನ್ನು ಮೊದಲೇ ನೋಡಿ.

ಗುಂಪಿನಲ್ಲಿ ಆಡುವಾಗ ಒಂದೇ ಕರಾರು ಸಾಕು: ಬರೀ ಉತ್ತರಕ್ಕೆ ಅಂಕ ಇಲ್ಲ. ‘ಹೆಂಗ ಬಂತು, ಬಿಡಿಸಿ ಹೇಳ್ರಿ’ ಅಂದಾಗ ಪ್ರತಿ ಅಕ್ಷರಕ್ಕೂ ಲೆಕ್ಕ ಕೊಡಬೇಕು. ಊಹೆ ಮಾಡಿ ಗೆದ್ದವರನ್ನು ಕಾಡಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಇನ್ನೊಂದು ಇಲ್ಲಿದೆ, ಬಿಡಿಸದೆ ಬಿಟ್ಟಿದ್ದೇನೆ:

ಮಲ್ಲಿಗೆಯ ಪಕ್ಕ ಉಂಡೆ ಇಟ್ಟರೆ ಸವಾಯಿ ಗಂಧರ್ವರ ಊರು (4)

ಊರು ಗೊತ್ತಾಯಿತು ಅಂದರೆ ಸಾಲದು. ಮಲ್ಲಿಗೆ ಯಾವುದು, ಉಂಡೆ ಯಾವುದು?