ಮೆರವಣಿಗೆಯ ಕೊನೆಯ ಸಾಲು

9 ಮಾರ್ಚ್ 2025, ಭಾನುವಾರ

ಬತ್ತಿದ ಭರವಸೆ ಮೆರವಣಿಗೆಯಲ್ಲಿ ಮತ್ತೆ ಚಿಗುರುವುದು ಭಾಷಣ ಕೇಳಿ ಅಲ್ಲ. ‘ಹೀಗನ್ನಿಸುತ್ತಿರುವುದು ನನಗೊಬ್ಬನಿಗೇನಾ?’ ಎಂಬ ಅನುಮಾನ, ಗುರುತು ಪರಿಚಯವಿಲ್ಲದ ಸಾವಿರಾರು ಜನರ ನಡುವೆ ಹೆಜ್ಜೆ ಹಾಕುವಾಗ ತಾನಾಗಿ ಕರಗುತ್ತದೆ. 1989ರ ಅಕ್ಟೋಬರ್ 9ರಂದು, ಕಮ್ಯುನಿಸ್ಟ್ ಆಡಳಿತವಿದ್ದ ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಗುಂಡೇಟಿನ ಭಯವಿದ್ದೂ ಸುಮಾರು 70,000 ಜನ ಬೀದಿಗಿಳಿದರು. ಅಷ್ಟು ಜನರನ್ನು ಚದುರಿಸಲು ಪೊಲೀಸರು ಮುಂದಾಗಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು.

ಆದರೆ ಈ ಚಿಗುರು ಮೊದಲು ಬಾಡುವುದು ಕೊನೆಯ ಸಾಲಿನಲ್ಲಿ. ಲೆಕ್ಕ ಹಾಕಿ: ಸಾಲಿಗೆ 8 ಜನ, ಸಾಲಿನಿಂದ ಸಾಲಿಗೆ ಒಂದೂವರೆ ಮೀಟರ್. 8,000 ಜನರೆಂದರೆ 1,000 ಸಾಲು, ಒಂದೂವರೆ ಕಿಲೋಮೀಟರ್ ಉದ್ದ. ಗಂಟೆಗೆ 3 ಕಿ.ಮೀ. ವೇಗದಲ್ಲಿ ನಡೆದರೆ, ಮುಂದಿನವರು ಹೊರಟು ಅರ್ಧ ಗಂಟೆಯಾದ ಮೇಲೆ ಹಿಂದಿನವರ ಕಾಲು ಏಳುತ್ತದೆ. ಅಷ್ಟು ಹೊತ್ತು ಏನಾಗುತ್ತಿದೆಯೆಂದೇ ತಿಳಿಯದೆ ಬಿಸಿಲಲ್ಲಿ ನಿಂತವರೇ ಮೆಲ್ಲನೆ ಮನೆ ದಾರಿ ಹಿಡಿಯುವುದು. ನೀರು, ವಾದ್ಯದವರು, ಘೋಷಣೆ ಕೂಗಿಸುವವರು ಬೇಕಾಗಿರುವುದು ಅಲ್ಲಿ. ಇವರನ್ನೆಲ್ಲ ಮುಂದಿನ ಬ್ಯಾನರಿನ ಪಕ್ಕ, ಕ್ಯಾಮೆರಾ ಇರುವ ಕಡೆಯೇ ತುಂಬುವ ಚಾಳಿ ಎಂದು ಬಿಡುತ್ತದೋ!

ವೇಗದ್ದು ಇನ್ನೊಂದು ಫಜೀತಿ. ರಸ್ತೆ ಕಿರಿದಾದಲ್ಲಿ, ತಿರುವಿನಲ್ಲಿ ಜನ ತುಸು ನಿಧಾನಿಸುತ್ತಾರೆ. ಪ್ರತಿ ಸಾಲೂ ತನ್ನ ಮುಂದಿನದು ಕದಲಲೆಂದು ಕಾಯುವುದರಿಂದ ಆ ತಡ ಹಿಂದೆ ಹೋದಷ್ಟೂ ಬೆಳೆಯುತ್ತದೆ. ಮೆರವಣಿಗೆ ಹಾರ್ಮೋನಿಯಂ ತಿದಿಯ ಹಾಗೆ ಹಿಗ್ಗಿ ಕುಗ್ಗಿ, ಬಾಲದವರು ಒಮ್ಮೆ ನಿಂತು ಒಮ್ಮೆ ಓಡಬೇಕಾಗುತ್ತದೆ. ವಯಸ್ಸಾದವರನ್ನು, ಗಾಲಿಕುರ್ಚಿಯವರನ್ನು ಮುಂದಿನ ಸಾಲಿಗೆ ಕರೆದರೆ ವೇಗ ತಾನೇ ಹಿಡಿತಕ್ಕೆ ಬರುತ್ತದೆ. ಪ್ರತಿ ತಿರುವು ದಾಟಿದ ಮೇಲೆ ಮುಂದಿನವರು ಎರಡು ಮೂರು ನಿಮಿಷ ನಿಲ್ಲಬೇಕು. ಬಾಲದಲ್ಲಿ ಇಬ್ಬರು ಸ್ವಯಂಸೇವಕರಿಗೆ ವಾಕಿಟಾಕಿ ಕೊಡಿ. ಜನ ಕಿಕ್ಕಿರಿದಲ್ಲಿ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ.

ಮುಂದೆ ಒಂದೇ ದೊಡ್ಡ ಧ್ವನಿವರ್ಧಕ ಇಟ್ಟರೆ ಘೋಷಣೆ ಕಲಸುಮೇಲೋಗರ. 170 ಮೀಟರ್ ದೂರಕ್ಕೆ ಶಬ್ದ ಅರ್ಧ ಸೆಕೆಂಡ್ ತಡವಾಗಿ ತಲುಪುತ್ತದೆ, ಹಿಂದಿನವರ ಉತ್ತರ ಮುಂದಿನವರ ಕೂಗಿನ ಮೇಲೆ ಬೀಳುತ್ತದೆ. 50 ಮೀಟರಿಗೊಬ್ಬರ ಕೈಯಲ್ಲಿ ಮೆಗಾಫೋನ್ ಇದ್ದರೆ ಸಾಕು. ಸಭೆ ಸೇರುವ ಬಯಲಿನದು ಬೇರೆ ಮಾತು. 1963ರಲ್ಲಿ ವಾಷಿಂಗ್ಟನ್ನಿನಲ್ಲಿ ಕಪ್ಪುಜನರ ಹಕ್ಕುಗಳಿಗಾಗಿ ಸುಮಾರು 2,50,000 ಜನರನ್ನು ಸೇರಿಸಿದ ಸಂಘಟಕ ಬೇಯಾರ್ಡ್ ರಸ್ಟಿನ್ ಉತ್ತಮ ಧ್ವನಿವ್ಯವಸ್ಥೆಗೆ ಪಟ್ಟು ಹಿಡಿದಿದ್ದರು: ಮಾತು ಕೇಳಿಸದ ಗುಂಪನ್ನು ಹತೋಟಿಯಲ್ಲಿಡಲಾಗದು.

ಫಲಕಕ್ಕೆ ಐದಾರು ಪದ, 10 ಸೆಂ.ಮೀ. ಎತ್ತರದ ಅಕ್ಷರ, 12 ಮೀಟರ್ ದೂರದಿಂದ ಸಲೀಸಾಗಿ ಓದಬಹುದು.

ಸಂಖ್ಯೆ ಉಬ್ಬಿಸುವ ಚಟಕ್ಕೆ ಮಾತ್ರ ಕ್ಷಮೆಯಿಲ್ಲ. 8,000ವನ್ನು 50,000 ಎಂದರೆ ನಡೆದವರಿಗೇ ಗೊತ್ತಾಗುತ್ತದೆ. ಮುಂದೆ ನಿಜ ಹೇಳಿದರೂ ನಂಬುವುದಿಲ್ಲ. ಮೇಲಿನಿಂದ ತೆಗೆದ ಫೋಟೊ ಇದ್ದರೆ, ಬಿಡಿಬಿಡಿಯಾಗಿ ನಿಂತಲ್ಲಿ ಚದರ ಮೀಟರಿಗೆ ಒಬ್ಬರು, ಒತ್ತಾಗಿ ನಿಂತಲ್ಲಿ ಎರಡೂವರೆ ಎಂದು ಎಣಿಸಬಹುದು. ಚದರ ಮೀಟರಿಗೆ ಐದು ದಾಟಿತೆಂದರೆ ನೂಕುನುಗ್ಗಲಿನ ಅಪಾಯ; ಎಣಿಕೆ ಬಿಟ್ಟು, ಹಿಂದಿನವರನ್ನು ತಡೆದು ಹೊರದಾರಿ ತೆರೆಯಿರಿ.

ಚೆದುರುವ ಹೊತ್ತನ್ನು ಯಾರೂ ಯೋಜಿಸುವುದಿಲ್ಲ. ಕೊನೆಯ ಭಾಷಣಕ್ಕೆ ಮೊದಲೇ ಹೊರದಾರಿಗಳಿಂದ ತುಸು ಬದಿಗೆ ಮೇಜು ಹಾಕಿ, ದಾರದಲ್ಲಿ ಕಟ್ಟಿದ ಪೆನ್ನು, ಮೂರು ಕಲಂನ ಹಾಳೆ ಇಡಿ: ಹೆಸರು, ಫೋನ್, ಮಾಡಬಲ್ಲ ಕೆಲಸ. ಮೂರನೆಯದನ್ನು ಖಾಲಿ ಬಿಟ್ಟವರಿಗೆ ಅಲ್ಲೇ ಒಂದು ಸಣ್ಣ ಕೆಲಸ ಹೇಳಿ, ಮುಂದಿನ ಸಭೆಯ ದಿನಾಂಕ ಬರೆದ ಚೀಟಿ ಕೈಗಿಡಿ.