ಏಳು ಗೆಂಡೆ, ಒಂದು ಬಕೆಟ್ ಹಿಟ್ಟು

ಹಿಟ್ಟಿನ ಉಂಡೆಯೊಂದನ್ನು ಬಕೆಟ್ಟಿನ ನೀರಿಗೆ ಬಿಟ್ಟು ಗಡಿಯಾರ ನೋಡುತ್ತಾ ಕುಳಿತೆ. ಐದು ನಿಮಿಷವಾಯಿತು, ಹತ್ತಾಯಿತು, ಇಪ್ಪತ್ತೂ ಆಯಿತು. ಉಂಡೆ ತಳದಲ್ಲಿ ಕಲ್ಲಿನಂತೆ ಕುಳಿತೇ ಇತ್ತು. ಇಡೀ ದಿನ ಎರಡು ಗಾಳ ಹಾಕಿ ಕುಳಿತರೂ ಒಂದು ಗೆಂಡೆ (ಕಾರ್ಪ್) ಮೀನೂ ಏಕೆ ಬರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ನನ್ನ ಕಾಲಬುಡದ ಬಕೆಟ್ಟಿನಲ್ಲೇ ಇತ್ತು.

ಇದು ನಡೆದದ್ದು ಫ್ರಾನ್ಸಿನ ದೆರ್ ಸರೋವರದ ದಂಡೆಯಲ್ಲಿ, ಅಕ್ಟೋಬರ್ ತಿಂಗಳ ಮೂರನೆಯ ವಾರ. ನನ್ನೊಂದಿಗೆ ಅಕ್ಕ ಬಂದಿದ್ದಳು. ಅವಳಿಗೆ ಮೀನಿನ ಮೇಲೆ ಆಸೆಯಿಲ್ಲ, ಹಕ್ಕಿಗಳೆಂದರೆ ಪ್ರಾಣ. ಉತ್ತರ ಯುರೋಪಿನಿಂದ ದಕ್ಷಿಣಕ್ಕೆ ವಲಸೆ ಹೋಗುವ ಕ್ರೌಂಚ ಪಕ್ಷಿಗಳು ಶರತ್ಕಾಲದಲ್ಲಿ ಸಾವಿರಗಟ್ಟಲೆ ಇಲ್ಲಿ ಇಳಿಯುತ್ತವೆ. ಅವಳಿಗೆ ಕ್ರೌಂಚ, ನನಗೆ ಗೆಂಡೆ ಎಂದು ಒಪ್ಪಂದವಾಯಿತು. ಕಲೇ ಬಂದರಿನಿಂದ ರೀಮ್ಸ್ ನಗರದ ದಿಕ್ಕಿನಲ್ಲಿ ಹೊರಟು, ವಿತ್ರಿ-ಲ-ಫ್ರಾಂಸ್ವಾ ಊರನ್ನು ದಾಟಿ ಸರೋವರ ತಲುಪುವಾಗ ನಾಲ್ಕು ಗಂಟೆ ಮೀರಿತ್ತು.

ಈ ನೀರಿನ ಕಥೆ ತಿಳಿದಾಗಿನಿಂದ ನನಗೆ ಇಲ್ಲಿ ಗಾಳ ಹಾಕಬೇಕೆಂಬ ಹಂಬಲವಿತ್ತು. ದೆರ್ ನೈಸರ್ಗಿಕ ಸರೋವರವಲ್ಲ. ಮಾರ್ನ್ ನದಿಯ ಪ್ರವಾಹದಿಂದ ಪ್ಯಾರಿಸ್ ನಗರವನ್ನು ಕಾಪಾಡಲೆಂದು 1974ರಲ್ಲಿ ಕಟ್ಟಿ ಮುಗಿಸಿದ ಜಲಾಶಯ. ವಿಸ್ತೀರ್ಣ 4,800 ಹೆಕ್ಟೇರ್. ಶಾಂತ್‌ಕೋಕ್, ಶಾಂಪೋಬೆರ್, ನ್ವೀಸ್‌ಮಾ ಎಂಬ ಮೂರು ಹಳ್ಳಿಗಳು ಇದರ ಒಡಲಿಗೆ ಹೋದವು. ಶಾಂಪೋಬೆರ್ ಹಳ್ಳಿಯ ಇಗರ್ಜಿ ಮಾತ್ರ ನೀರಿನತ್ತ ಚಾಚಿದ ನೆಲದ ಮೇಲೆ ಇಂದಿಗೂ ಒಂಟಿಯಾಗಿ ನಿಂತಿದೆ. ನ್ವೀಸ್‌ಮಾದ ಮರದ ಚೌಕಟ್ಟಿನ ಇಗರ್ಜಿಯನ್ನು ಬಿಚ್ಚಿ ಬೇರೆಡೆಗೆ ಒಯ್ದು ಮತ್ತೆ ಕಟ್ಟಿದರು. ಚಳಿಗಾಲದಿಂದ ವಸಂತದವರೆಗೆ ನದಿಯ ಹೆಚ್ಚುವರಿ ನೀರನ್ನು ಇಲ್ಲಿ ತುಂಬಿಕೊಳ್ಳುತ್ತಾರೆ. ಬೇಸಿಗೆಯಿಂದ ಶರತ್ಕಾಲದವರೆಗೆ ಸ್ವಲ್ಪ ಸ್ವಲ್ಪವಾಗಿ ನದಿಗೇ ಬಿಡುತ್ತಾರೆ. ಹೀಗಾಗಿ ನಾವು ಹೋದಾಗ ನೀರು ಬಹಳ ಇಳಿದಿತ್ತು. ದಂಡೆಯ ಹುಲ್ಲಿನಿಂದ ನೀರಿನ ಅಂಚಿನವರೆಗೆ ಅಗಲವಾದ ಕೆಸರುಬಯಲು ಹರಡಿತ್ತು, ನಡುನಡುವೆ ಹಳೆಯ ಮರಗಳ ಬೊಡ್ಡೆಗಳು ಕಪ್ಪಗೆ ಎದ್ದು ನಿಂತಿದ್ದವು.

ಏಳು ದಿನಗಳ ಮೀನುಗಾರಿಕೆ ಕಾರ್ಡನ್ನು ಮೊದಲೇ ಅಂತರ್ಜಾಲದಲ್ಲಿ ಕೊಂಡಿದ್ದೆ. ಇಂಥ ನೀರಿನಲ್ಲಿ ನಾಲ್ಕು ಕೋಲುಗಳವರೆಗೆ ಅವಕಾಶವಿದೆ. ನಾನು ಎರಡನ್ನೇ ಹಾಕಿದೆ. ಫ್ರಾನ್ಸಿನಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಗಾಳ ಹಾಕಬಹುದು. ರಾತ್ರಿ ಗೆಂಡೆ ಹಿಡಿಯಲು ಗೊತ್ತುಪಡಿಸಿದ ದಂಡೆಗಳು ಬೇರೆಯೇ ಇವೆ. ನಾನು ರಾತ್ರಿಯ ಗೋಜಿಗೆ ಹೋಗಲಿಲ್ಲ. 60 ಸೆಂಟಿಮೀಟರಿಗಿಂತ ಉದ್ದದ ಗೆಂಡೆಯನ್ನು ಹವ್ಯಾಸಿಗಳು ಜೀವಂತವಾಗಿ ಸಾಗಿಸುವುದನ್ನು ಅಲ್ಲಿನ ಕಾನೂನು ನಿಷೇಧಿಸಿದೆ. ಕದ್ದು ಮಾರುವವರಿಂದ ದೊಡ್ಡ ಮೀನುಗಳನ್ನು ಉಳಿಸುವ ಈ ನಿಯಮಕ್ಕೆ ನನ್ನ ಪೂರ್ಣ ಮನಸ್ಸಿನ ಬೆಂಬಲವಿದೆ. ಹತ್ತಾರು ವರ್ಷ ಬದುಕಿದ ಜೀವವೊಂದು ನನ್ನ ತೋಳುಗಳಲ್ಲಿ ಒಂದೆರಡು ನಿಮಿಷ ಇದ್ದು ಮರಳಿ ಹೋಗುವುದೇ ಸರಿ.

ಮೊದಲ ದಿನ ನಾನು ಮಾಡಿದ್ದು ಹೀಗೆ. ಬ್ರೆಡ್ ಪುಡಿ, ಮೆಕ್ಕೆಜೋಳದ ನುಚ್ಚು, ಹುರಿದು ಪುಡಿ ಮಾಡಿದ ಸೆಣಬಿನ (ಹೆಂಪ್) ಬೀಜ, ಒಂದಿಷ್ಟು ಕಾಕಂಬಿ ಸೇರಿಸಿ ನಾಲ್ಕು ಕಿಲೋ ಗ್ರೌಂಡ್‌ಬೈಟ್, ಅಂದರೆ ಮೀನುಗಳನ್ನು ಸೆಳೆಯಲು ನೀರಿಗೆ ಎಸೆಯುವ ಹಿಟ್ಟು, ಕಲಸಿದೆ. ಕವಣೆಯಿಂದ ಎಸೆಯುವಾಗ ಉಂಡೆ ಗಾಳಿಯಲ್ಲೇ ಒಡೆಯಬಾರದೆಂದು ಗೋಧಿಹಿಟ್ಟನ್ನೂ ಬೆರೆಸಿದೆ. ಕಿತ್ತಳೆ ಗಾತ್ರದ ಇಪ್ಪತ್ತು ಉಂಡೆಗಳನ್ನು ನಲವತ್ತು ಮೀಟರ್ ದೂರಕ್ಕೆ ಎಸೆದು, ಅವುಗಳ ನಡುವೆ ಗಾಳ ಇಳಿಸಿದೆ. ಸಂಜೆಯವರೆಗೆ ಕೋಲಿನ ತುದಿ ಅಲುಗಲಿಲ್ಲ. ಸಂಜೆ ಕ್ರೌಂಚಗಳು ಹೊಲಗಳಿಂದ ಕೆಸರುಬಯಲಿಗೆ ಮರಳುವಾಗ ಆಕಾಶವೆಲ್ಲ ಕಹಳೆಯಂಥ ಕೂಗಿನಿಂದ ತುಂಬಿತು. ಅಕ್ಕನ ಕಣ್ಣುಗಳು ತುಂಬಿ ಬಂದಿದ್ದವು. ನಾನು ಉಳಿದಿದ್ದ ಒಂದೇ ಒಂದು ಉಂಡೆಯನ್ನು ಬಕೆಟ್ಟಿಗೆ ಹಾಕಿದ್ದು ಆ ಹೊತ್ತಿನಲ್ಲಿ.

ಗ್ರೌಂಡ್‌ಬೈಟ್ ಎಂದರೆ ಮೀನಿಗೆ ಹಾಕುವ ಊಟವಲ್ಲ, ಊಟದ ವಾಸನೆ. ಇದು ನನಗೆ ಓದಿನಿಂದ ತಿಳಿದಿತ್ತು, ಕೈಗೆ ತಿಳಿದಿರಲಿಲ್ಲ. ಗೆಂಡೆಗೆ ಜಠರವಿಲ್ಲ. ತಿಂದದ್ದು ಗಂಟಲಿನ ಹಲ್ಲುಗಳಲ್ಲಿ ಅರೆದು ನೇರವಾಗಿ ಕರುಳಿಗೆ ಹೋಗುತ್ತದೆ. ಒಮ್ಮೆಗೇ ಹೊಟ್ಟೆ ತುಂಬ ತಿಂದು ಇಟ್ಟುಕೊಳ್ಳುವ ಚೀಲ ಅದಕ್ಕಿಲ್ಲ, ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರುತ್ತದೆ. ಬಾಯಿಯ ಎರಡೂ ಪಕ್ಕದ ಮೀಸೆಗಳಲ್ಲಿ ರುಚಿ ನೋಡುತ್ತಾ ಕೆಸರನ್ನು ಹೀರುತ್ತದೆ, ಬೇಕಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಉಗುಳುತ್ತದೆ. ನುಣ್ಣನೆಯ ಹಿಟ್ಟು ಮೋಡದಂತೆ ಹರಡಿದರೆ ಅದರಲ್ಲಿ ರುಚಿಯಿದೆ, ತುತ್ತಿಲ್ಲ. ತುತ್ತನ್ನು ಹುಡುಕುತ್ತಾ ಮೀನು ಅಲ್ಲೇ ಸುತ್ತುತ್ತದೆ. ನನ್ನ ಗೋಧಿಹಿಟ್ಟಿನ ಉಂಡೆಗಳು ಒಡೆಯಲೂ ಇಲ್ಲ, ಹರಡಲೂ ಇಲ್ಲ. ನೀರಿನ ಉಷ್ಣಾಂಶ 14 ಡಿಗ್ರಿಗೆ ಇಳಿದಿದ್ದ ಕಾಲದಲ್ಲಿ, ಜೀರ್ಣಶಕ್ತಿ ನಿಧಾನವಾಗಿರುವ ಮೀನುಗಳ ಮುಂದೆ ನಾನು ನಾಲ್ಕು ಕಿಲೋ ಕಲ್ಲುಗಳನ್ನು ಸುರಿದಿದ್ದೆ.

ಮರುದಿನ ಕತ್ತಲಿರುವಾಗಲೇ ಎದ್ದು ಹೊಸದಾಗಿ ಕಲಸಿದೆ. ಗೋಧಿಹಿಟ್ಟು ಪೂರ್ತಿ ಬಿಟ್ಟೆ. ಕಿಲೋದಷ್ಟು ಬ್ರೆಡ್ ಪುಡಿ, ಅರ್ಧ ಕಿಲೋ ಮೆಕ್ಕೆಜೋಳದ ನುಚ್ಚು, ಕಾಲು ಕಿಲೋ ಸೆಣಬಿನ ಬೀಜದ ಪುಡಿ, ಅಷ್ಟೇ. ನೀರನ್ನು ಸರೋವರದಿಂದಲೇ ತಂದು, ಒಂದೇ ಸಲ ಸುರಿಯದೆ ಚಿಮುಕಿಸಿದೆ. ಇಪ್ಪತ್ತು ನಿಮಿಷ ಮುಚ್ಚಿಟ್ಟಾಗ ಒಣಪುಡಿ ನೀರನ್ನೆಲ್ಲ ಕುಡಿದು ಮತ್ತೆ ಉದುರುದುರಾಯಿತು. ಎರಡನೆಯ ಸಲ ಚಿಮುಕಿಸಿ, ನಾಲ್ಕು ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಗಂಟುಗಳನ್ನೆಲ್ಲ ಉಜ್ಜಿ ಇಳಿಸಿದೆ. ಹದವೆಂದರೆ ಇದು: ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ಹೆಬ್ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು. ಬಕೆಟ್ಟಿಗೆ ಒಂದು ಉಂಡೆ ಬಿಟ್ಟೆ. ಮೂರನೆಯ ನಿಮಿಷಕ್ಕೆ ಅಂಚುಗಳು ಸಡಿಲಗೊಂಡವು, ಐದನೆಯದಕ್ಕೆ ಅದೊಂದು ಹಳದಿ ದಿಬ್ಬವಾಗಿ ಕುಸಿಯಿತು, ಸೆಣಬಿನ ಕಣಗಳು ಒಂದೊಂದಾಗಿ ಮೇಲೇರಿದವು. ಆ ಕ್ಷಣದ ಸಂತೋಷಕ್ಕೆ ಮೀನೇ ಬೇಕಿರಲಿಲ್ಲ.

ಕವಣೆಯನ್ನೂ ಕಾರಿನಲ್ಲಿಟ್ಟೆ. ಮೆಥಡ್ ಫೀಡರ್ ಎಂಬ ಸೀಸದ ತೂಕದ ಪುಟ್ಟ ಚೌಕಟ್ಟಿನ ಸುತ್ತ ಹಿಟ್ಟನ್ನು ಒತ್ತಿ, ಹತ್ತು ಸೆಂಟಿಮೀಟರ್ ದಾರದ ಕೊಕ್ಕೆಯನ್ನು ಅದರೊಳಗೇ ಹುದುಗಿಸಿ ಎಸೆಯುವುದು. ಆಗ ಎರೆ ಇರುವುದು ಮೋಡದ ಮಧ್ಯದಲ್ಲೇ. ಎರೆಯಾಗಿ ಎರಡು ಕಾಳು ಮೆಕ್ಕೆಜೋಳ, ಕೊಕ್ಕೆಯ ಮೇಲಲ್ಲ, ಅದರಿಂದ ಇಳಿಬಿಟ್ಟ ಕೂದಲಿನಂಥ ಎಳೆಯ ಮೇಲೆ. ಇಂಗ್ಲೆಂಡಿನ ಲೆನ್ನಿ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ರೂಪಿಸಿದ ಈ ಹೇರ್ ರಿಗ್ ಗೆಂಡೆ ಹಿಡಿಯುವ ರೀತಿಯನ್ನೇ ಬದಲಿಸಿತು. ಮೀನು ಕಾಳನ್ನು ಹೀರಿ ಉಗುಳುವಾಗ ಬರಿಗೊಕ್ಕೆ ತುಟಿಗೆ ನಾಟುತ್ತದೆ.

ಬರೀ ಸೀಸ ಎಸೆದು ತಳವನ್ನು ತಡಕಿದಾಗ ನಲವತ್ತು ಮೀಟರಿನಲ್ಲಿ ಮೆತ್ತನೆಯ ಕೆಸರಿತ್ತು, ಇನ್ನೂ ಮುಂದೆ ಸೀಸ ಟಣ್ಣೆಂದು ಬಡಿಯಿತು. ಕಿರಿದಾದ ಗಟ್ಟಿ ಪಟ್ಟಿ. ಜಲ್ಲಿಯೋ, ಮುಳುಗಿದ ಹಳ್ಳಿಯೊಂದರ ಗಾಡಿದಾರಿಯೋ ಎಂದು ಮನಸ್ಸು ಬಹಳ ಹೊತ್ತು ಅಲ್ಲೇ ನಿಂತಿತು. ನೀರಿನ ಅಂಚಿನಲ್ಲಿ ಒಂದು ಕಡ್ಡಿ, ಅದರಿಂದ 12 ಅಡಿ ದೂರದಲ್ಲಿ ಇನ್ನೊಂದು ಕಡ್ಡಿ ನೆಟ್ಟು ದಾರ ಸುತ್ತಿ ಅಳೆದೆ. ಹದಿನೇಳು ಸುತ್ತು, ಸುಮಾರು 62 ಮೀಟರ್. ರೀಲಿನ ಕ್ಲಿಪ್ಪಿಗೆ ದಾರ ಸಿಕ್ಕಿಸಿದರೆ ಪ್ರತಿ ಎಸೆತವೂ ಅಲ್ಲಿಗೇ ಬೀಳುತ್ತದೆ. ಎಸೆದ ಮೇಲೆ ಕ್ಲಿಪ್ಪಿನಿಂದ ದಾರ ಬಿಡಿಸುವುದನ್ನು ಮರೆಯಲೇಬಾರದು, ದೊಡ್ಡ ಮೀನು ಓಡಿದರೆ ತುಂಡಾಗುತ್ತದೆ.

ಮೊದಲ ಗಂಟೆ ಹತ್ತು ನಿಮಿಷಕ್ಕೊಂದು ಎಸೆತ. ಮೊದಲು ಬಂದದ್ದು ಬ್ರೀಮ್ ಮೀನುಗಳು, ಲೋಳೆಯ ಮೈಯ ಚಪ್ಪಟೆ ಜೀವಗಳು. ಬೇಸರವಾಗಲಿಲ್ಲ. ಸಣ್ಣವು ಗದ್ದಲ ಎಬ್ಬಿಸಿದ ಕಡೆಗೆ ದೊಡ್ಡವು ಬರುತ್ತವೆ ಎಂಬುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಹನ್ನೊಂದರ ಹೊತ್ತಿಗೆ ಬ್ರೀಮ್ ಒಮ್ಮೆಗೇ ನಿಂತುಹೋದವು. ದುರ್ಬೀನಿನಲ್ಲಿ ಕ್ರೌಂಚಗಳನ್ನು ಹುಡುಕುತ್ತಿದ್ದ ಅಕ್ಕ, ನೀರು ಅಲ್ಲಿ ಕುದಿಯುತ್ತಿದೆಯಲ್ಲ ಎಂದಳು. ನನ್ನ ಬರಿಗಣ್ಣಿಗೆ ಕಾಣದ ಗುಳ್ಳೆಗಳು. ಕೆಸರನ್ನು ಗೆಂಡೆ ಕೆದಕಿದಾಗ ತಳದ ಅನಿಲ ಹೀಗೆ ಏಳುತ್ತದೆ. ನನ್ನ ಬಾಯಿ ಒಣಗಿತು. ಎರಡು ನಿಮಿಷದೊಳಗೆ ಬಲಗಡೆಯ ಕೋಲು ಬಾಗಿ ರೀಲು ಚೀರಿತು.

7.2 ಕಿಲೋ. ಮೈತುಂಬ ಒಂದೇ ಅಳತೆಯ ಚಿನ್ನದ ಹೊರಪೊರೆ ಹೊತ್ತ ಸಾಮಾನ್ಯ ಗೆಂಡೆ. ಸಂಜೆಗೆ 9.8 ಕಿಲೋದ ಇನ್ನೊಂದು.

ಮೂರನೆಯ ಬೆಳಿಗ್ಗೆ ಅದೇ ಹದ, ಅದೇ ಹದಿನೇಳು ಸುತ್ತು. ಆದರೂ ಎರಡು ಗಂಟೆ ಏನೂ ಇಲ್ಲ. ಸೀಸ ಬೀಳುವಾಗ ಬೆರಳಿಗೆ ಟಣ್ಣೆನ್ನುವ ಬದಲು ಮೆತ್ತಗೆನಿಸಿತು. ಹಿಂದಿರುಗಿ ನೋಡಿದೆ: ಹಿಂದಿನ ದಿನ ಅಂಚಿನಲ್ಲಿ ನೆಟ್ಟಿದ್ದ ಕಡ್ಡಿ ಈಗ ನನ್ನ ಬೆನ್ನ ಹಿಂದೆ ಕೆಸರಿನಲ್ಲಿತ್ತು. ನೀರು ಇಳಿದಂತೆ ಅದರ ಜೊತೆ ನಾನೂ ಮುಂದೆ ಬಂದು ನಿಂತಿದ್ದೆ. ಹದಿನೇಳು ಸುತ್ತು ಗಟ್ಟಿ ಪಟ್ಟಿಯನ್ನು ದಾಟಿ ಆಚೆಯ ಕೆಸರಿಗೆ ಬೀಳುತ್ತಿತ್ತು. ಕಡ್ಡಿಯಿಂದ ನೀರಿಗೆ ಐದು ಹೆಜ್ಜೆ. ಒಂದು ಸುತ್ತು ಕಡಿಮೆ ಮಾಡಿದೆ. ಟಣ್.

ಆ ದಿನ ನಾಲ್ಕು ಗೆಂಡೆಗಳು ಬಂದವು. ಮಧ್ಯಾಹ್ನ ಮೂರು ಗಂಟೆಗೆ ಬಂದದ್ದು ಮೊದಲು ಓಡಲೇ ಇಲ್ಲ, ನಿಧಾನವಾಗಿ ಎಡಕ್ಕೆ, ಮರದ ಬೊಡ್ಡೆಗಳತ್ತ ನಡೆಯಿತು. ಮೊಣಕಾಲುದ್ದ ನೀರಿಗಿಳಿದು ಕೋಲನ್ನು ಬಲಕ್ಕೆ ಮಲಗಿಸಿ ತಡೆದೆ. ಇಪ್ಪತ್ತು ನಿಮಿಷವಾದರೂ ಆಗಿರಬೇಕು. ಕೈ ನಡುಗುತ್ತಿತ್ತು, ಅಕ್ಕ ಬಲೆ ಹಿಡಿದು ಸೊಂಟದವರೆಗೆ ನೆನೆದಿದ್ದಳು. ಮಿರರ್ ಗೆಂಡೆ, ಬೆನ್ನುದ್ದಕ್ಕೂ ನಾಣ್ಯಗಳಂಥ ದೊಡ್ಡ ಹೊರಪೊರೆಗಳ ಒಂದು ಸಾಲು, ಉಳಿದ ಮೈ ನುಣುಪು. ಒದ್ದೆ ಮಾಡಿದ ಹಾಸಿನ ಮೇಲೆ ಮಲಗಿಸಿ ತೂಗಿದೆವು: 15.3 ಕಿಲೋ. ಕೊಕ್ಕೆ ನಾಟಿದ ಜಾಗಕ್ಕೆ ಔಷಧ ಹಚ್ಚಿ, ನೀರಿನಲ್ಲಿ ಎರಡೂ ಕೈಗಳಿಂದ ನೆಟ್ಟಗೆ ಹಿಡಿದು ನಿಂತೆ. ಕಿವಿರು ನಾಲ್ಕು ಸಲ ತೆರೆದು ಮುಚ್ಚಿತು. ಬಾಲ ಒಮ್ಮೆ ಬಲವಾಗಿ ಬೀಸಿ ನನ್ನ ಮುಖಕ್ಕೆಲ್ಲ ನೀರೆರಚಿ ಹೋಯಿತು.

ಮೂರನೆಯ ದಿನ ಇಡೀ ಹೊತ್ತು ಬಳಸಿದ ಹಿಟ್ಟು ಎರಡು ಕಿಲೋ ಕೂಡ ಇರಲಿಲ್ಲ.

ನಾಲ್ಕನೆಯ ದಿನ ಗಾಳಿ ಉತ್ತರಕ್ಕೆ ತಿರುಗಿ ಚಳಿ ಹೆಚ್ಚಿತು. ಗಂಟೆಗೆ ಎರಡೇ ಎಸೆತ, ಅದೂ ಅರ್ಧ ಮುಷ್ಟಿ ಹಿಟ್ಟಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು, 11 ಕಿಲೋ. ಅದನ್ನು ಬಿಟ್ಟ ಮೇಲೆ ಮತ್ತೆ ಎಸೆಯಬೇಕೆನಿಸಲಿಲ್ಲ. ಕೋಲುಗಳನ್ನು ಕಟ್ಟಿ, ಜರಡಿ ತೊಳೆದು, ಅಕ್ಕನ ಪಕ್ಕದಲ್ಲಿ ಕುಳಿತೆ. ಅವಳ ಟಿಪ್ಪಣಿ ಪುಸ್ತಕದಲ್ಲಿ ಕ್ರೌಂಚಗಳ ಲೆಕ್ಕದ ಕೆಳಗೆ ಏಳು ಗೆಂಡೆಗಳ ತೂಕವೂ ಬರೆದಿತ್ತು, ಗುಳ್ಳೆ ಕಂಡ ಗಳಿಗೆಯ ಸಮಯದೊಂದಿಗೆ. ಸೂರ್ಯ ಇಳಿಯುವಾಗ ಕೆಸರಿಗೆ ಹೋಗಿ ಅಳತೆಯ ಕಡ್ಡಿಯನ್ನು ಕಿತ್ತುಕೊಂಡೆ. ಅಲ್ಲಿಂದ ನೀರಿಗೆ ಈಗ ಹನ್ನೊಂದು ಹೆಜ್ಜೆ.